ಕಿನ್ನಿಕುಮ್ಯಾನ್ ಕಥೆಯಲ್ಲಿ ನಗಿಸುವವರಿಗೆ ಏನು ಕೆಲಸ? ಮೀಟ್ ಎಂಬ ಪುಟ್ಟ ಹುಡುಗನಿಂದ ಶುರು ಮಾಡೋಣ

ಕಿನ್ನಿಕುಮ್ಯಾನ್ ಅನ್ನೋ ಮಾಂಗಾವನ್ನು, ಅಂದರೆ ಜಪಾನಿ ಕಾಮಿಕ್ಸನ್ನು, ಯಾರ ಕೈಗಾದರೂ ಕೊಟ್ಟರೆ ಸ್ವಲ್ಪ ಹೊತ್ತಿಗೆ ಒಂದು ಪ್ರಶ್ನೆ ಬರುತ್ತದೆ. ಇದು ಕಾಮಿಡಿನಾ, ಸೀರಿಯಸ್ಸಾ? ಒಂದು ಪುಟದಲ್ಲಿ ನಾಯಕ ಹೂಸು ಬಿಟ್ಟು ಓಡಿಹೋಗುತ್ತಾನೆ. ಇನ್ನೊಂದು ಪುಟದಲ್ಲಿ ಅವನ ಗೆಳೆಯ ರಿಂಗಿನ ಮಧ್ಯದಲ್ಲಿ ಪ್ರಾಣ ಬಿಡುತ್ತಾನೆ. ಹೊಟ್ಟೆಯಲ್ಲಿ ಟಾಯ್ಲೆಟ್ ಇರುವವನು, ಮೈಯೆಲ್ಲಾ ಕ್ಯಾಸೆಟ್ ಪ್ಲೇಯರ್ ಆಗಿರುವವನು, ತಲೆ ಮೇಲೆ ಊಟದ ತಟ್ಟೆ ಹೊತ್ತವನು ಎಲ್ಲರೂ ಇಲ್ಲಿ ಕುಸ್ತಿಗೆ ಇಳಿಯುತ್ತಾರೆ. ಇಷ್ಟೆಲ್ಲ ತಮಾಷೆ ತುಂಬಿದ ಕಥೆಯನ್ನು ನಲವತ್ತು ವರ್ಷ ಜನ ಕಣ್ಣೀರು ಹಾಕಿಕೊಂಡು ಓದಿದ್ದಾರೆ ಅಂದರೆ ಹೊಸಬರಿಗೆ ನಂಬೋದು ಕಷ್ಟ. ನನ್ನ ಪ್ರಕಾರ ಇದರ ಗುಟ್ಟು ನಗಿಸುವ ಪಾತ್ರಗಳಲ್ಲೇ ಇದೆ. ಈ ಕಥೆಯಲ್ಲಿ ಅಪಾಯ ಎಷ್ಟು ದೊಡ್ಡದು ಅಂತ ನಮಗೆ ಗೊತ್ತಾಗುವುದೇ ಅವರಿಂದ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಹಿನ್ನೆಲೆ. ಕಿನ್ನಿಕುಮ್ಯಾನ್ ಬರೆದವರು ಇಬ್ಬರು, ತಕಾಶಿ ಶಿಮಾದ ಮತ್ತು ಯೋಶಿನೋರಿ ನಾಕಾಯಿ. ಶಿಮಾದ ಕಥೆ ನೋಡಿಕೊಳ್ಳುತ್ತಾರೆ, ನಾಕಾಯಿ ಚಿತ್ರ ಬರೆಯುತ್ತಾರೆ. ಇಬ್ಬರೂ ಸೇರಿ ಯುದೆತಮಾಗೊ ಅನ್ನೋ ಒಂದೇ ಹೆಸರು ಇಟ್ಟುಕೊಂಡಿದ್ದಾರೆ. ಒಸಾಕಾದಲ್ಲಿ ಪ್ರೈಮರಿ ಸ್ಕೂಲಿನಿಂದಲೇ ಗೆಳೆಯರು. ಈ ನಾಯಕನನ್ನು ಅವರು ಕಟ್ಟಿದ್ದೂ ಆ ವಯಸ್ಸಿನಲ್ಲೇ. ಹೈಸ್ಕೂಲ್ ಮುಗಿಸಿದ ಕೂಡಲೇ, 1979ರಲ್ಲಿ, ವೀಕ್ಲಿ ಶೋನೆನ್ ಜಂಪ್ ಪತ್ರಿಕೆಯಲ್ಲಿ ಅವರ ಧಾರಾವಾಹಿ ಶುರುವಾಯಿತು, 1987ರವರೆಗೆ ನಡೆಯಿತು, 36 ಸಂಪುಟಗಳಾದವು. ತೋಯಿ ಕಂಪನಿಯ ಅನಿಮೆ, ಅಂದರೆ ಕಾರ್ಟೂನ್ ಸರಣಿ, 1983ರಿಂದ 1986ರವರೆಗೆ ಟಿವಿಯಲ್ಲಿ ಬಂತು, ಒಟ್ಟು 137 ಕಂತು.

ಇಲ್ಲಿ ಮುಖ್ಯವಾದ ಒಂದು ವಿಷಯ ಇದೆ. ಈ ಕಥೆ ಹುಟ್ಟಿದ್ದು ಕುಸ್ತಿ ಕಥೆಯಾಗಿ ಅಲ್ಲವೇ ಅಲ್ಲ. ಆಗ ಜಪಾನಿನಲ್ಲಿ ಎಲ್ಲರ ಬಾಯಲ್ಲಿದ್ದ ಅಲ್ಟ್ರಾಮ್ಯಾನ್ ತರಹದ ಸೂಪರ್ ಹೀರೋಗಳನ್ನು ಕಿಚಾಯಿಸುವ ನಗೆ ಮಾಂಗಾ ಇದು. ನಾಯಕನ ಹೆಸರು ಸುಗುರು, ಅವನೇ ಕಿನ್ನಿಕುಮ್ಯಾನ್, ಕಿನ್ನಿಕು ಗ್ರಹದ ರಾಜಕುಮಾರ. ಮಗುವಾಗಿದ್ದಾಗ ಬಾಹ್ಯಾಕಾಶ ನೌಕೆಯಲ್ಲಿ ಅವನನ್ನು ಹಂದಿಮರಿ ಅಂದುಕೊಂಡು ಭೂಮಿಗೆ ಎಸೆದುಬಿಟ್ಟಿರುತ್ತಾರೆ. ಅವನು ಬೆಳ್ಳುಳ್ಳಿ ತಿಂದರೆ ಬೃಹದಾಕಾರ ತಾಳುತ್ತಾನೆ. ಅನ್ನದ ಮೇಲೆ ದನದ ಮಾಂಸ ಹಾಕಿ ಕೊಡುವ ಗ್ಯೂದೋನ್ ಅಂದರೆ ಅವನಿಗೆ ಪ್ರಾಣ. ಹೆದರುಪುಕ್ಕಲ. ಜನ ಅಪಾಯದಲ್ಲಿದ್ದಾಗ ಬೇರೆ ಹೀರೋಗಳನ್ನು ಕರೆಯುತ್ತಾರೆ, ಇವನು ಬಂದರೆ ಮುಖ ಸಿಂಡರಿಸುತ್ತಾರೆ. ಅಂದರೆ ಈ ಕಥೆಯ ಮೊದಲ ಕಾಮಿಡಿಯನ್ ನಾಯಕನೇ.

ಈ ನಾಯಕನ ಪಕ್ಕಕ್ಕೆ ಬಂದವನು ಮೀಟ್. ಪೂರ್ತಿ ಹೆಸರು ಅಲೆಕ್ಸಾಂಡ್ರಿಯಾ ಮೀಟ್. ರಾಜಕುಮಾರನನ್ನು ಹುಡುಕಿಕೊಂಡು ಕಿನ್ನಿಕು ಗ್ರಹದಿಂದ ಬಂದ ಪುಟ್ಟ ಹುಡುಗ. ಸುಗುರುವಿನ ಸೊಂಟದ ಎತ್ತರಕ್ಕೆ ಬಂದರೆ ಹೆಚ್ಚು. ಆದರೆ ತಲೆ ಬಹಳ ಚುರುಕು. ಎದುರಾಳಿ ಯಾರು, ಅವನ ಪಟ್ಟು ಯಾವುದು, ಅದನ್ನು ಬಿಡಿಸಿಕೊಳ್ಳುವುದು ಹೇಗೆ ಅಂತ ಲೆಕ್ಕ ಹಾಕಿ ಹೇಳುವವನು ಅವನು. ರಿಂಗಿನ ಮೂಲೆಯಲ್ಲಿ ಹಗ್ಗದ ಕೆಳಗೆ ನಿಂತು ನೀರು, ಟವೆಲ್, ಸಲಹೆ ಎಲ್ಲವನ್ನೂ ಒದಗಿಸುವವನು. ಜೊತೆಗೆ ಬೈಯುವವನೂ ಅವನೇ. ರಾಜಕುಮಾರ ತಿಂದು ಮಲಗಿದರೆ, ಹುಡುಗಿಯರ ಹಿಂದೆ ಹೋದರೆ, ಅಭ್ಯಾಸ ತಪ್ಪಿಸಿದರೆ ಮೀಟ್ ಕಿರುಚುತ್ತಾನೆ.

ಒಸಾಕಾದವರಿಗೆ ಈ ಜೋಡಿ ತುಂಬಾ ಹಳೆಯ ಪರಿಚಯ. ಅಲ್ಲಿನ ಮಂಜಾಯಿ ಅನ್ನೋ ವೇದಿಕೆ ಹಾಸ್ಯದಲ್ಲಿ ಇಬ್ಬರು ನಿಂತು ಮಾತಾಡುತ್ತಾರೆ. ಒಬ್ಬ ಎಡವಟ್ಟು ಮಾತಾಡುವವನು, ಇನ್ನೊಬ್ಬ ಅದನ್ನು ತಟ್ಟನೆ ಹಿಡಿದು ತಿದ್ದುವವನು, ಕೆಲವೊಮ್ಮೆ ತಲೆಗೆ ಒಂದು ಕೊಡುವವನು. ನಗು ಹುಟ್ಟುವುದು ಎಡವಟ್ಟಿನಲ್ಲಿ ಅಂತ ನಮಗೆ ಅನಿಸುತ್ತದೆ. ನಿಜವಾಗಿ ತಿದ್ದುವವನ ಟೈಮಿಂಗ್ ಇಲ್ಲದಿದ್ದರೆ ಆ ಎಡವಟ್ಟಿಗೆ ಯಾರೂ ನಗುವುದಿಲ್ಲ. ಸುಗುರು ಎಡವಟ್ಟು, ಮೀಟ್ ತಿದ್ದುವವನು. ಹಾಗಾಗಿ ಮೀಟ್‌ನನ್ನು ಕಾಮಿಡಿ ಪಾತ್ರ ಅಂತ ಕರೆಯುವಾಗ ಒಂದು ಮಾತು ನೆನಪಿಡಬೇಕು. ಅವನು ಪೆದ್ದನಾಗಿ ನಗಿಸುವುದಿಲ್ಲ. ಪೆದ್ದುತನವನ್ನು ನೋಡಿ ಸಿಟ್ಟಾಗುವ ಜಾಣನಾಗಿ ನಗಿಸುತ್ತಾನೆ. 1983ರ ಅನಿಮೆಯಲ್ಲಿ ಸುಗುರುವಿಗೆ ದನಿ ಕೊಟ್ಟವರು ಅಕಿರಾ ಕಾಮಿಯಾ, ಮೀಟ್‌ಗೆ ಮಿನೋರಿ ಮತ್ಸುಶಿಮಾ. ಕಾಮಿಯಾ ಒಂದೇ ವಾಕ್ಯದಲ್ಲಿ ಅಳುಬುರುಕನಿಂದ ವೀರನಾಗಿ ದನಿ ಬದಲಿಸುತ್ತಾರೆ. ಮತ್ಸುಶಿಮಾ ಅವರ ಮೀಟ್ ಆ ಎರಡೂ ದನಿಗಳ ಮಧ್ಯೆ ಗಟ್ಟಿಯಾಗಿ ನಿಲ್ಲುತ್ತಾನೆ.

ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ಪ್ರಸಂಗದಲ್ಲಿ ಹಾಸ್ಯಗಾರ ದೂತನಾಗಿ ಬರುತ್ತಾನೆ, ಬಾಗಿಲು ಕಾಯುವವನಾಗಿ ಬರುತ್ತಾನೆ, ರಾಜನ ಪಕ್ಕದಲ್ಲೇ ನಿಂತು ಪ್ರಶ್ನೆ ಕೇಳುತ್ತಾನೆ. ರಾಜ ಏನು ಮಾಡಲಿದ್ದಾನೆ, ಶತ್ರು ಎಲ್ಲಿದ್ದಾನೆ ಅನ್ನೋದು ಎಷ್ಟೋ ಸಲ ಜನರಿಗೆ ತಿಳಿಯುವುದು ಅವನ ಮಾತಿನಲ್ಲೇ. ಮೀಟ್ ಮಾಡುವುದೂ ಅದನ್ನೇ, ಆದರೆ ಅವನನ್ನು ಕಥೆ ಅಲ್ಲಿಗೇ ಬಿಡುವುದಿಲ್ಲ.

ಧಾರಾವಾಹಿ ಶುರುವಾಗಿ ಸ್ವಲ್ಪ ಕಾಲಕ್ಕೆ ಚೋಜಿನ್ ಒಲಿಂಪಿಕ್ಸ್ ಬಂತು. ಚೋಜಿನ್ ಅಂದರೆ ಈ ಕಥೆಯ ಅತಿಮಾನವ ಕುಸ್ತಿಪಟುಗಳು. ಅಲ್ಲಿಂದ ಕಥೆ ನಿಧಾನವಾಗಿ ರಿಂಗಿಗೆ ಇಳಿಯಿತು. ದೈತ್ಯ ರಾಕ್ಷಸರ ಜೊತೆ ಜಗಳ ಕಡಿಮೆಯಾಯಿತು, ಪಟ್ಟುಗಳು ಜಾಸ್ತಿಯಾದವು. ಜಪಾನಿನಲ್ಲಿ ಆಗ ರೆಸ್ಲಿಂಗ್ ಹುಚ್ಚು ಜೋರಾಗಿತ್ತು. 1972ರಲ್ಲಿ ಆಂಟೋನಿಯೊ ಇನೋಕಿ ನ್ಯೂ ಜಪಾನ್ ಕಂಪನಿಯನ್ನೂ ಜಯಂಟ್ ಬಾಬಾ ಆಲ್ ಜಪಾನ್ ಕಂಪನಿಯನ್ನೂ ಶುರು ಮಾಡಿದ್ದರು. 1981ರಲ್ಲಿ ಸತೋರು ಸಯಾಮಾ ಟೈಗರ್ ಮಾಸ್ಕ್ ವೇಷದಲ್ಲಿ ರಿಂಗಿಗೆ ಬಂದ. ಹಳೆಯ ಮಾಂಗಾ ಪಾತ್ರವೊಂದು ಹೀಗೆ ಮೈ ತಳೆದು ಬಂದಿದ್ದನ್ನು ಕಂಡು ಮಕ್ಕಳು ಕುಣಿದಾಡಿದರು. ಕಿನ್ನಿಕುಮ್ಯಾನ್‌ನ ಗೆಳೆಯ ಟೆರ್ರಿಮ್ಯಾನ್ ಹಿಂದೆ ಅಮೆರಿಕದ ರೆಸ್ಲರ್ ಟೆರ್ರಿ ಫಂಕ್ ಇದ್ದಾರೆ. ಇನ್ನು ಸುಗುರುವಿನ ಕಿನ್ನಿಕು ಬಸ್ಟರ್ ಪಟ್ಟು. ಎದುರಾಳಿಯನ್ನು ತಲೆಕೆಳಗಾಗಿ ಹೆಗಲ ಮೇಲೆ ಹೊತ್ತು, ಎರಡು ಕಾಲುಗಳನ್ನೂ ಅಗಲಿಸಿ ಹಿಡಿದು, ಮೇಲಿನಿಂದ ಕೆಳಗೆ ಕೂರುತ್ತಾ ಬೀಳುವುದು. ಡಬ್ಲ್ಯುಡಬ್ಲ್ಯುಇ ನೋಡುವವರಿಗೆ ಸಮೋವಾ ಜೋನ ಮಸಲ್ ಬಸ್ಟರ್ ಗೊತ್ತಿರುತ್ತದೆ, ಅಲ್ವಾ? ಅದರ ಮೂಲ ಇದೇ.

ಈಗ ಸಮಸ್ಯೆ ನೋಡಿ. ನಗೆ ಕಥೆ ಕುಸ್ತಿ ಕಥೆಯಾದಾಗ ಹಳೆಯ ನಗೆ ಪಾತ್ರಗಳನ್ನು ಏನು ಮಾಡೋದು? ಬೇರೆ ಎಷ್ಟೋ ಮಾಂಗಾಗಳಲ್ಲಿ ಅವರನ್ನು ಮೆಲ್ಲಗೆ ಬದಿಗೆ ಸರಿಸುತ್ತಾರೆ. ಮೂಲೆಯಲ್ಲಿ ನಿಂತು ಅಯ್ಯೋ ಅನ್ನುವುದೇ ಅವರ ಕೆಲಸವಾಗುತ್ತದೆ. ಯುದೆತಮಾಗೊ ಬೇರೆ ದಾರಿ ಹಿಡಿದರು. ಅವರು ಮೀಟ್‌ನನ್ನು ತುಂಡು ತುಂಡು ಮಾಡಿದರು.

ಇದು ಏಳು ದುಷ್ಟ ಚೋಜಿನ್‌ಗಳ ಅಧ್ಯಾಯ. ಬಫಲೋಮ್ಯಾನ್ ನಾಯಕತ್ವದಲ್ಲಿ ಏಳು ಜನ ಬರುತ್ತಾರೆ. ಆ ಹೊತ್ತಿಗೆ ಸುಗುರು ಗೆದ್ದು ಹೆಸರು ಮಾಡಿದ್ದಾನೆ. ಅವನನ್ನು ರಿಂಗಿಗೆ ಎಳೆಯಲು ಅವರು ಆರಿಸಿಕೊಂಡಿದ್ದು ಮೀಟ್‌ನನ್ನು. ಆ ಪುಟ್ಟ ದೇಹವನ್ನು ಏಳು ಭಾಗ ಮಾಡಿ ಒಬ್ಬೊಬ್ಬರು ಒಂದೊಂದನ್ನು ಇಟ್ಟುಕೊಳ್ಳುತ್ತಾರೆ. ಹತ್ತು ದಿನದೊಳಗೆ ಏಳೂ ಜನರನ್ನು ಸೋಲಿಸಿ ಎಲ್ಲಾ ಭಾಗಗಳನ್ನು ಸೇರಿಸಿದರೆ ಮೀಟ್ ಬದುಕುತ್ತಾನೆ, ಇಲ್ಲದಿದ್ದರೆ ಇಲ್ಲ. ಇದನ್ನು ನೀವು ಬೇರೆ ಯಾವುದೇ ಕಥೆಯಲ್ಲಿ ಓದಿದ್ದರೆ ಪುಸ್ತಕ ಮುಚ್ಚಿಬಿಡುತ್ತಿದ್ದಿರಿ, ಅಷ್ಟು ಘೋರ. ಇಲ್ಲಿ ಓದಿಸಿಕೊಂಡು ಹೋಗುತ್ತದೆ, ಯಾಕೆಂದರೆ ಕೈ ಕಾಲು ಬೇರೆ ಬೇರೆಯಾದರೂ ಮತ್ತೆ ಜೋಡಿಸಬಹುದು ಅನ್ನುವ ನಿಯಮ ನಗೆ ಚಿತ್ರಕಥೆಗಳದ್ದು. ನಗೆ ಕಥೆಯಲ್ಲಿ ಯಾರಿಗೂ ನಿಜವಾಗಿ ಏನೂ ಆಗಲ್ಲ ಅನ್ನುವ ನಂಬಿಕೆ ನಮಗೆ ಇರುತ್ತದೆ. ಲೇಖಕರು ಆ ನಂಬಿಕೆಯನ್ನು ಹಾಗೇ ಇಟ್ಟುಕೊಂಡು ಅದಕ್ಕೆ ಹತ್ತು ದಿನದ ಗಡುವು ಹಾಕಿದರು. ಹತ್ತು ದಿನ ದಾಟಿದರೆ ನಗೆ ಕಥೆಯ ನಿಯಮ ಕೆಲಸ ಮಾಡಲ್ಲ.

ಆ ಅಧ್ಯಾಯದುದ್ದಕ್ಕೂ ಇನ್ನೊಂದು ಬದಲಾವಣೆ ಕಾಣುತ್ತದೆ. ರಿಂಗಿನ ಮೂಲೆಯಲ್ಲಿ ಸುಗುರುವನ್ನು ಬೈಯುವವರು ಯಾರೂ ಇಲ್ಲ. ಅವನು ಹೆದರಿದಾಗ ತಲೆಗೆ ಒಂದು ಕೊಡುವವರಿಲ್ಲ. ಬೈಯುವವನಿಲ್ಲದ ಪೆದ್ದ ಬೇಗ ದೊಡ್ಡವನಾಗಬೇಕಾಗುತ್ತದೆ. ಸುಗುರು ನಿಜವಾದ ಹೀರೋ ಆಗಿದ್ದು ಇಲ್ಲಿ ಅಂತ ನಾನು ಭಾವಿಸುತ್ತೇನೆ, ಚಾಂಪಿಯನ್ ಪಟ್ಟಿ ಕಟ್ಟಿಕೊಂಡಾಗ ಅಲ್ಲ.

ಅದೇ ಅಧ್ಯಾಯದ ಇನ್ನೊಂದು ಜಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಈ ಕಥೆಯಲ್ಲಿ ತಮಾಷೆ ಮತ್ತು ಗಂಭೀರ ಎರಡೂ ಹೇಗೆ ಒಂದೇ ಹಗ್ಗದಲ್ಲಿ ಹೆಣೆದುಕೊಂಡಿವೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲ್ಲ. ಇಲ್ಲಿ ಪ್ರತಿ ಚೋಜಿನ್‌ಗೂ ಒಂದು ಶಕ್ತಿಯ ಅಂಕಿ ಇದೆ. ಸುಗುರುವಿನದು 9,50,000. ಮೀಟ್‌ನದು 5,00,000. ಬಫಲೋಮ್ಯಾನ್‌ನದು 1,00,00,000, ಅಂದರೆ ಒಂದು ಕೋಟಿ. ಅವನ ಎದುರು ನಿಂತವನು ರಷ್ಯಾದ ವಾರ್ಸ್‌ಮ್ಯಾನ್, 10,00,000 ಶಕ್ತಿಯವನು. ಹತ್ತು ಪಟ್ಟು ಕಡಿಮೆ. ಅವನು ರಿಂಗಿನಲ್ಲೇ ಲೆಕ್ಕ ಮಾಡುತ್ತಾನೆ. ಕೈಗೆ ಹಾಕಿಕೊಳ್ಳುವ ಕರಡಿ ಪಂಜ ಒಂದರ ಬದಲು ಎರಡು ಹಾಕಿದರೆ ಹತ್ತು ಲಕ್ಷ ಇಪ್ಪತ್ತು ಲಕ್ಷವಾಗುತ್ತದೆ. ಯಾವಾಗಲೂ ಹಾರುವುದಕ್ಕಿಂತ ಎರಡು ಪಟ್ಟು ಎತ್ತರ ಹಾರಿದರೆ ಇಪ್ಪತ್ತು ಲಕ್ಷ ನಲವತ್ತು ಲಕ್ಷ. ತಿರುಗುವ ವೇಗ ಮೂರು ಪಟ್ಟು ಮಾಡಿದರೆ ಒಂದು ಕೋಟಿ ಇಪ್ಪತ್ತು ಲಕ್ಷ. ಬಫಲೋಮ್ಯಾನ್‌ಗಿಂತ ಜಾಸ್ತಿ!

ಮೇಷ್ಟ್ರು ಈ ಲೆಕ್ಕಕ್ಕೆ ಸೊನ್ನೆ ಕೊಡುತ್ತಾರೆ. ಎರಡು ಕೈಗೆ ಪಂಜ ಹಾಕಿದರೆ ಮನುಷ್ಯನ ಬಲ ಎರಡು ಪಟ್ಟಾಗುವುದು ಹೇಗೆ? ಜಪಾನಿನ ಓದುಗರು ಇವತ್ತಿಗೂ ಈ ಲೆಕ್ಕ ಹೇಳಿ ನಗುತ್ತಾರೆ. ಆದರೆ ಓದುವಾಗ ಆ ಕ್ಷಣದಲ್ಲಿ ನಗು ಬರುವುದಿಲ್ಲ. ವಾರ್ಸ್‌ಮ್ಯಾನ್ ಹಾರುತ್ತಾನೆ, ತಿರುಗುತ್ತಾ ಬೆಳಕಿನ ಬಾಣದ ಹಾಗೆ ಇಳಿಯುತ್ತಾನೆ, ಬಫಲೋಮ್ಯಾನ್‌ನ ಒಂದು ಕೊಂಬು ಮುರಿಯುತ್ತಾನೆ, ಆಮೇಲೆ ಸೋಲುತ್ತಾನೆ. ಗೆಲ್ಲಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ನಗೆ ಕಥೆಯಾಗಿದ್ದರೆ ಆ ತಪ್ಪು ಲೆಕ್ಕ ಗೆದ್ದುಬಿಡುತ್ತಿತ್ತು. ಬರೀ ಗಂಭೀರ ಕಥೆಯಾಗಿದ್ದರೆ ಆ ಲೆಕ್ಕವೇ ಇರುತ್ತಿರಲಿಲ್ಲ. ಇಲ್ಲಿ ಮಕ್ಕಳ ಆಟದ ತರ್ಕವನ್ನು ಒಬ್ಬ ಪೂರ್ತಿ ನಂಬಿ ಪ್ರಾಣ ಕೊಡುತ್ತಾನೆ, ಆ ನಂಬಿಕೆ ಒಂದು ಕೊಂಬಿನಷ್ಟು ನಿಜವಾಗುತ್ತದೆ.

ಇದು ಹೇಗೆ ಸಾಧ್ಯ ಆಯಿತು ಅಂದರೆ, ಈ ಪಾತ್ರಗಳಲ್ಲಿ ತುಂಬಾ ಮಂದಿ ಹುಟ್ಟಿದ್ದೇ ಮಕ್ಕಳ ಕೈಯಲ್ಲಿ. ಹೊಸ ಚೋಜಿನ್ ಕಲ್ಪನೆ ಕಳುಹಿಸಿ ಅಂತ ಪತ್ರಿಕೆ ಓದುಗರನ್ನು ಕೇಳುತ್ತಿತ್ತು. ಮಕ್ಕಳು ಚಿತ್ರ ಬರೆದು ಕಳಿಸುತ್ತಿದ್ದರು. ಮನೆಯಲ್ಲಿ ಕಣ್ಣಿಗೆ ಬಿದ್ದಿದ್ದನ್ನೆಲ್ಲಾ ಮಕ್ಕಳು ಪೈಲ್ವಾನರನ್ನಾಗಿ ಮಾಡುತ್ತಾರೆ. ಕ್ಯಾಸೆಟ್ ಪ್ಲೇಯರ್, ಸ್ಪ್ರಿಂಗ್, ಟೀ ಕಪ್, ಏನು ಬೇಕಾದರೂ. ಏಳು ದುಷ್ಟರ ಪೈಕಿ ಮಿಸ್ಟರ್ ಖಾಮೆನ್ ಅನ್ನುವವನು ಎದುರಾಳಿಯನ್ನು ಬಟ್ಟೆಯಲ್ಲಿ ಸುತ್ತಿ ಮಮ್ಮಿ ಮಾಡಿ, ಸ್ಟ್ರಾ ಚುಚ್ಚಿ, ಎಳನೀರು ಕುಡಿದಂತೆ ಹೀರುತ್ತಾನೆ. ಅದು ಹತ್ತು ವರ್ಷದ ಹುಡುಗ ಯೋಚಿಸುವ ರೀತಿ. ತಮಾಷೆಯೂ ಹೌದು, ರಾತ್ರಿ ನಿದ್ದೆ ಕೆಡಿಸುವಂಥದ್ದೂ ಹೌದು.

ಟಿವಿಯವರಿಗೆ ಇದನ್ನು ನಿಭಾಯಿಸುವುದು ಕಷ್ಟವಾಗಿತ್ತು. ಮಾಂಗಾದಲ್ಲಿ ರಾಮೆನ್‌ಮ್ಯಾನ್ ತನ್ನ ಎದುರಾಳಿ ಬ್ರೋಕನ್‌ಮ್ಯಾನ್ ಬೆನ್ನಿನ ಮೇಲೆ ಕೂತು ಕ್ಯಾಮೆಲ್ ಕ್ಲಚ್ ಹಾಕಿ ದೇಹವನ್ನೇ ಎರಡು ಮಾಡುತ್ತಾನೆ. ಮಕ್ಕಳ ಅನಿಮೆಯಲ್ಲಿ ಅದನ್ನು ತೋರಿಸೋದು ಹೇಗೆ? ಬ್ರೋಕನ್‌ಮ್ಯಾನ್‌ನನ್ನು ನೂಡಲ್ಸ್ ಮಾಡಿಬಿಟ್ಟರು. ರಾಮೆನ್‌ಮ್ಯಾನ್ ಅದನ್ನು ತಿಂದ. ಇದು ತಮಾಷೆಯ ಹೊದಿಕೆ, ನಿಜ. ಆದರೆ ಮುಂದೆ ಸತ್ತವನ ಮಗ ಬ್ರೋಕನ್ ಜೂನಿಯರ್ ಅಪ್ಪನ ಸೇಡು ತೀರಿಸಲು ಬಂದಾಗ ನನಗೆ ಅನಿಮೆ ಸ್ವಲ್ಪ ಸೊರಗಿದಂತೆ ಕಾಣುತ್ತದೆ. ಅಪ್ಪ ನೂಡಲ್ಸ್ ಆದ ಅಂತ ಯಾರೂ ಸಿಟ್ಟಿನಲ್ಲಿ ಕುದಿಯಲಾರರು. ಮಾಂಗಾದಲ್ಲಿ ತಮಾಷೆ ಸಾವಿನ ಪಕ್ಕದಲ್ಲಿ ಕೂತಿದೆ, ಇಲ್ಲಿ ಸಾವಿನ ಜಾಗಕ್ಕೇ ಬಂದು ಕೂತುಬಿಟ್ಟಿತು. ಎರಡೂ ಬೇರೆ ಬೇರೆ.

ರೆಸ್ಲಿಂಗ್ ಬಗ್ಗೆ ಗೊತ್ತಿಲ್ಲದವರು ಇದೆಲ್ಲಾ ಮಾಂಗಾದವರ ಹುಚ್ಚಾಟ ಅಂದುಕೊಳ್ಳಬಹುದು. ಆದರೆ ಜಪಾನಿನ ನಿಜವಾದ ರಿಂಗಿನಲ್ಲೂ ನಗಿಸುವವರಿಗೆ ಜಾಗ ಇತ್ತು, ಈಗಲೂ ಇದೆ. ನ್ಯೂ ಜಪಾನ್ ಅಂದರೆ ಇನೋಕಿಯ ಕಂಪನಿ, ಗಟ್ಟಿ ಹೊಡೆದಾಟಕ್ಕೆ ಹೆಸರುವಾಸಿ. ಅಲ್ಲೇ ಡಾನ್ ಅರಕಾವಾ 1970, 80ರ ದಶಕಗಳಲ್ಲಿ ಆರಂಭದ ಪಂದ್ಯಗಳಲ್ಲಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಆಲ್ ಜಪಾನ್‌ನಲ್ಲಂತೂ ವಯಸ್ಸಾದ ಮೇಲೆ ಸ್ವತಃ ಮಾಲೀಕ ಜಯಂಟ್ ಬಾಬಾ, ರಶರ್ ಕಿಮುರಾ, ಮಿತ್ಸುವೊ ಮೊಮೊತಾ ಒಂದು ಕಡೆ, ಹರುಕಾ ಏಗೆನ್, ಮಸನೊಬು ಫುಚಿ ಇನ್ನೊಂದು ಕಡೆ ಸೇರಿಕೊಂಡು ವರ್ಷಗಟ್ಟಲೆ ನಗೆ ಪಂದ್ಯ ಆಡಿದರು. ಏಗೆನ್‌ನ ಎದೆಗೆ ಏಟು ಬಿದ್ದರೆ ಬಾಯಿಂದ ಎಂಜಲು ಚಿಮ್ಮುತ್ತಿತ್ತು, ಅದೂ ಪ್ರೇಕ್ಷಕರ ಕಡೆಗೇ. ಅವನನ್ನು ಹಗ್ಗದ ಹತ್ತಿರ ನಿಲ್ಲಿಸಿದ ಕೂಡಲೇ ಮುಂದಿನ ಸಾಲಿನವರು ನ್ಯೂಸ್‌ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅದಕ್ಕೆಂದೇ ಪೇಪರ್ ತಂದಿರುತ್ತಿದ್ದರು!

ಅದೇ ರಾತ್ರಿ, ಅದೇ ರಿಂಗಿನಲ್ಲಿ, ಕೊನೆಯ ಪಂದ್ಯಕ್ಕೆ ಮಿಸಾವಾ, ಕವಾದಾ, ಕೊಬಾಶಿ, ತವುಯೆ ಬರುತ್ತಿದ್ದರು. 1990ರ ದಶಕದ ಆ ನಾಲ್ವರ ಪಂದ್ಯಗಳು ರೆಸ್ಲಿಂಗ್ ಚರಿತ್ರೆಯಲ್ಲೇ ಅತಿ ಕಠಿಣವಾದವು. ತಲೆ ಕೆಳಗಾಗಿ ಬೀಳುವುದನ್ನು ನೋಡಿದರೆ ನಮ್ಮ ಕತ್ತು ನೋಯುತ್ತದೆ. ಎಂಜಲಿಗೆ ನ್ಯೂಸ್‌ಪೇಪರ್ ಹಿಡಿದ ಜನವೇ ಗಂಟೆ ಕಳೆದ ಮೇಲೆ ಉಸಿರು ಬಿಗಿ ಹಿಡಿದು ಕೂರುತ್ತಿದ್ದರು. ಶುರುವಿನಿಂದ ಕೊನೆಯವರೆಗೆ ಬರೀ ಹೊಡೆತ ನೋಡಿದರೆ ಕಣ್ಣು ಜಡ್ಡುಗಟ್ಟುತ್ತದೆ. ನಗೆ ಪಂದ್ಯ ಬಂದು ಹೋದರೆ ಮೈ ಸಡಿಲಾಗುತ್ತದೆ, ಆ ಸಡಿಲಾದ ಮೈಗೆ ಮುಂದಿನ ಏಟು ಜೋರಾಗಿ ತಾಗುತ್ತದೆ. ರೆಸ್ಲಿಂಗ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ರೆಸ್ಲಿಂಗ್ ನೋಡುತ್ತಾ ಬೆಳೆದ ಶಿಮಾದ, ನಾಕಾಯಿಗೂ ಗೊತ್ತಿತ್ತು.

ಮಾಂಗಾದಲ್ಲಿ ರಿಂಗಿನ ಪಕ್ಕದ ಕಾಮೆಂಟರಿ ಮೇಜಿನಲ್ಲೂ ಒಬ್ಬ ನಗೆ ಪಾತ್ರ ಕೂತಿದ್ದಾನೆ, ನಕಾನೊ ಸಾನ್. ಇವನ ಗುರುತು ತಲೆ ಮೇಲಿನ ವಿಗ್. ಲೇಖಕರ ಮೊದಲ ಸಂಪಾದಕ ಕಜುವೊ ನಕಾನೊ ಅವರನ್ನೇ ಪಾತ್ರ ಮಾಡಿ ಕೂರಿಸಿದ್ದು. ಈ ನಕಾನೊ ಸಾನ್ ಮುಖದಲ್ಲಿ ನಗು ಮಾಯವಾದರೆ ಪಂದ್ಯ ಕೆಟ್ಟ ಕಡೆಗೆ ತಿರುಗಿದೆ ಅಂತ ಓದುಗನಿಗೆ ತಿಳಿಯುತ್ತದೆ. ನಾನು ಮೊದಲು ಹೇಳಿದ ಮಾತು ಇದೇ. ಯಾವಾಗಲೂ ಗಂಭೀರವಾಗಿರುವ ರಾಬಿನ್ ಮಾಸ್ಕ್‌ನಂಥ ಚೋಜಿನ್ ಗಂಭೀರವಾದರೆ ನಮಗೇನು ಗೊತ್ತಾಗುತ್ತದೆ? ತಮಾಷೆ ಮಾಡುವವನು ಸುಮ್ಮನಾದಾಗಲೇ ಎದೆ ಝಲ್ ಅನ್ನುವುದು.

ಮೀಟ್‌ಗೆ ಮತ್ತೆ ಬರೋಣ. ಮೊದಲ ಸರಣಿಯ ಕೊನೆಯ ಅಧ್ಯಾಯ ಕಿನ್ನಿಕು ಗ್ರಹದ ಸಿಂಹಾಸನಕ್ಕಾಗಿ ನಡೆಯುವ ತಂಡಗಳ ಕಾದಾಟ. ಸುಗುರುವಿನ ಕಡೆ ಆಡಲು ಜನ ಸಾಲದು. ಆಗ ಮೂಲೆಯಲ್ಲಿ ನಿಂತು ಸಲಹೆ ಕೊಡುತ್ತಿದ್ದ ಮೀಟ್ ಸ್ವತಃ ರಿಂಗಿಗೆ ಹತ್ತುತ್ತಾನೆ. ಎದುರಿಗೆ ಮಿಕ್ಸರ್ ತೈತೆಯಿ, ಮೀಟ್‌ಗಿಂತ ಎಷ್ಟೋ ಪಟ್ಟು ದೊಡ್ಡವನು. ವರ್ಷಗಟ್ಟಲೆ ನಾವು ಈ ಹುಡುಗನನ್ನು ಹಗ್ಗದ ಹೊರಗೆ ನೋಡಿದ್ದೇವೆ. ಹಗ್ಗದ ಒಳಗೆ ಅವನ ಮೈ ಎಷ್ಟು ಸಣ್ಣದು ಅಂತ ಆಗಲೇ ಕಾಣೋದು. ಅವನು ಗೆಲ್ಲುತ್ತಾನೆ. ಬರೀ ಅದೃಷ್ಟದ ಗೆಲುವಲ್ಲ ಅದು. ಇಷ್ಟು ವರ್ಷ ಬೇರೆಯವರ ಪಟ್ಟುಗಳನ್ನು ಬಿಡಿಸಿ ಹೇಳಿದವನಿಗೆ ಆ ಪಟ್ಟುಗಳು ಗೊತ್ತಿವೆ ಅಂತ ಓದುಗ ಒಪ್ಪಿಕೊಳ್ಳುತ್ತಾನೆ. 1998ರಲ್ಲಿ ಶುರುವಾದ ಎರಡನೇ ತಲೆಮಾರಿನ ಕಥೆಯಲ್ಲಿ ಸುಗುರು ಮುದುಕನಾಗಿದ್ದಾನೆ. ಮೀಟ್ ಮಾತ್ರ ದಶಕಗಳ ಶೀತನಿದ್ರೆಯಿಂದ ಎದ್ದು, ಅದೇ ಪುಟ್ಟ ಮೈಯಲ್ಲಿ, ಸುಗುರುವಿನ ಮಗ ಮಾಂತಾರೊಗೆ ಪಾಠ ಹೇಳುತ್ತಾನೆ. ಅಪ್ಪನನ್ನು ಬೈದ ಬಾಯಲ್ಲೇ ಮಗನನ್ನೂ ಬೈಯುತ್ತಾನೆ.

ಇನ್ನು ಟಾಯ್ಲೆಟ್ ಪೈಲ್ವಾನನ ವಿಷಯ. ಅವನ ಹೆಸರು ಬೆಂಕಿಮ್ಯಾನ್. ಕನ್ನಡದ ಬೆಂಕಿಗೂ ಇವನಿಗೂ ಏನೂ ಸಂಬಂಧ ಇಲ್ಲ, ಜಪಾನಿ ಹೆಸರು ಹಾಗೆ ಕೇಳಿಸುತ್ತದೆ ಅಷ್ಟೆ. ಪ್ರಾಚೀನ ಇಂಕಾ ಸಾಮ್ರಾಜ್ಯದವನು. ಎದುರಾಳಿಯನ್ನು ಉಂಡೆ ಕಟ್ಟಿ ಹೊಟ್ಟೆಯೊಳಗೆ ಹಾಕಿ ನೀರು ಬಿಟ್ಟು ಕಳಿಸುವುದು ಅವನ ಪಟ್ಟು. 21ನೇ ಚೋಜಿನ್ ಒಲಿಂಪಿಕ್ಸ್‌ನಲ್ಲಿ ಸ್ಕೈಮ್ಯಾನ್‌ನನ್ನು ಹಾಗೇ ಕಳಿಸಿಬಿಟ್ಟ, ಸುಗುರುವಿನ ಎದುರು ಸೋತ. ಆಮೇಲೆ ವರ್ಷಗಟ್ಟಲೆ ಅವನು ಗುಂಪಿನಲ್ಲಿ ನಿಂತ ಒಂದು ತಮಾಷೆ ಮುಖ ಅಷ್ಟೆ. ಆದರೂ ಮಕ್ಕಳು ಅವನನ್ನು ಮರೆಯಲಿಲ್ಲ. ಅದಕ್ಕೆ ಬಂಡಾಯ್ ಕಂಪನಿಯ ರಬ್ಬರ್ ಗೊಂಬೆಗಳೂ ಕಾರಣ. ಬೆರಳಷ್ಟು ಎತ್ತರ, ಒಂದೇ ಬಣ್ಣ, 400ಕ್ಕೂ ಜಾಸ್ತಿ ಬಗೆ. ನಾಣ್ಯ ಹಾಕಿ ಪಡೆಯುವ ಮಷಿನ್‌ನಲ್ಲಿ ಯಾವುದು ಬರುತ್ತದೋ ಗೊತ್ತಿಲ್ಲ. ಸುಗುರು ಬೇಕು ಅಂತ ಹಾಕಿದರೆ ಬೆಂಕಿಮ್ಯಾನ್ ಬರಬಹುದು. ಮನೆಗೆ ತಂದು ಕುಸ್ತಿ ಆಡಿಸುವಾಗ ರಬ್ಬರಿಗೆ ನಾಯಕ ಯಾರು, ಹಾಸ್ಯಗಾರ ಯಾರು ಅನ್ನುವ ಭೇದ ಇಲ್ಲ. ಎಷ್ಟೋ ಮನೆಗಳಲ್ಲಿ ಅವನೇ ಚಾಂಪಿಯನ್ ಆಗಿರಬೇಕು. ಇದೇ ಗೊಂಬೆಗಳು 1985ರಿಂದ ಮ್ಯಾಟೆಲ್ ಮೂಲಕ ಅಮೆರಿಕಕ್ಕೂ ಹೋದವು.

ಭಾರತದ ಪಾತ್ರವೂ ಒಂದಿದೆ, ಕರಿ ಕುಕ್. ತಲೆ ಮೇಲೆ ಅನ್ನ ಮತ್ತು ಕರಿ ತುಂಬಿದ ತಟ್ಟೆ. ಪಕ್ಕದ ಶ್ರೀಲಂಕಾದಿಂದ ತಲೆಯೇ ಟೀ ಕಪ್ ಆಗಿರುವ ಟೀಪ್ಯಾಕ್‌ಮ್ಯಾನ್. ಇದನ್ನು ನೋಡಿ ನನಗೆ ಮೊದಲು ಖುಷಿ ಆಗಲಿಲ್ಲ, ಈಗಲೂ ಪೂರ್ತಿ ಖುಷಿ ಇಲ್ಲ. ಭಾರತ ಅಂದರೆ ಕರಿ, ಜರ್ಮನಿ ಅಂದರೆ ಸೈನಿಕನ ಯೂನಿಫಾರಂ, ಇದೆಲ್ಲಾ ನಕ್ಷೆ ನೋಡಿ ಹತ್ತು ಸೆಕೆಂಡಿನಲ್ಲಿ ಕಟ್ಟಿದ ತಮಾಷೆ. ದೇಶದ ಬಗ್ಗೆ ಏನೂ ಗೊತ್ತಿಲ್ಲದವನು ಮಾಡುವ ತಮಾಷೆ ಬೇಗ ಹಳಸುತ್ತದೆ. ಹಾಗಂತ ಕರಿ ಕುಕ್‌ನನ್ನು ತೆಗೆದುಹಾಕಬೇಕಿತ್ತು ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ಲೇಖಕರು ಅವನನ್ನು ಮರಳಿ ಕರೆದಾಗ ಬೇರೆ ರೀತಿ ಬರೆದರು.

2011ರಲ್ಲಿ ಹಳೆಯ ಕಥೆ ನಿಂತ ಜಾಗದಿಂದ ಹೊಸ ಕಂತುಗಳು ಶುರುವಾದವು. ಈ ಸಲ ವೆಬ್‌ನಲ್ಲಿ. (2024ರ ಹೊಸ ಅನಿಮೆ ಈ ಭಾಗದ್ದೇ. ಪ್ರೊಡಕ್ಷನ್ ಐ.ಜಿ. ಮಾಡಿದ್ದು, ಸುಗುರುವಿಗೆ ಮಮೋರು ಮಿಯಾನೊ ದನಿ.) ಸ್ವಲ್ಪ ವರ್ಷಗಳ ನಂತರ ಒಮೆಗಾ ಗ್ರಹದಿಂದ ಆರು ಜನ ಶತ್ರುಗಳು ಬಂದರು. ದೊಡ್ಡ ಹೆಸರಿನವರು ಬರಲಾಗದ ಹೊತ್ತಿನಲ್ಲಿ ಭೂಮಿಯ ಕಡೆಯಿಂದ ಮುಂದೆ ಬಂದ ಐವರು ಯಾರು ಗೊತ್ತಾ? ಟೀಪ್ಯಾಕ್‌ಮ್ಯಾನ್, ಕರಿ ಕುಕ್, ಕೆನೆಡಿಯನ್‌ಮ್ಯಾನ್, ಸುಮೋ ಪೈಲ್ವಾನ ವುಲ್ಫ್‌ಮ್ಯಾನ್ ಮತ್ತು ನಮ್ಮ ಬೆಂಕಿಮ್ಯಾನ್. ಇಷ್ಟು ವರ್ಷ ಜನ ನಗುತ್ತಿದ್ದ ಪಟ್ಟಿ ಇದು. ಇವರು ಗೆಲ್ಲಲ್ಲ ಅಂತ ಓದುಗರಿಗೂ ಗೊತ್ತು, ಆ ಐವರಿಗೂ ಗೊತ್ತು. ಆದರೂ ಬಂದರು.

ಟೀಪ್ಯಾಕ್‌ಮ್ಯಾನ್ ಸೋತ. ಕರಿ ಕುಕ್ ಹೇಲ್‌ಮ್ಯಾನ್ ಎದುರು ಸೋತ. ಕೆನೆಡಿಯನ್‌ಮ್ಯಾನ್ ಸೋತ. ಆದರೆ ಈ ಪಂದ್ಯಗಳಲ್ಲಿ ಅವರ ತಟ್ಟೆ, ಕಪ್ಪುಗಳನ್ನು ನೋಡಿ ಯಾರೂ ನಗಲಿಲ್ಲ. ಹಿಂದೆ ಅವರನ್ನು ನೋಡಿ ನಕ್ಕಿದ್ದಕ್ಕೇ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೊಸ ಪಾತ್ರವೊಂದು ಸೋತಿದ್ದರೆ ಹೀಗಾಗುತ್ತಿರಲಿಲ್ಲ. ಮೂವತ್ತು ವರ್ಷ ನಗಿಸಿದವನು ಬಿದ್ದರೆ ನಮ್ಮ ಮನೆಯವನು ಬಿದ್ದಂತೆ. ವುಲ್ಫ್‌ಮ್ಯಾನ್ ಗೆದ್ದ.

ಬೆಂಕಿಮ್ಯಾನ್ ಎದುರಿಗೆ ಬಂದವನು ಗಿಯರ್ ಮಾಸ್ಟರ್, ಮೈಯೆಲ್ಲಾ ಹಲ್ಲುಚಕ್ರ. ಈ ಪಂದ್ಯವನ್ನು ಲೇಖಕರು ಪೂರ್ತಿ ಮರ್ಯಾದೆಯಿಂದ ಬರೆದಿದ್ದಾರೆ. ಬೆಂಕಿಮ್ಯಾನ್‌ಗೆ ಇಂಕಾ ಕಾಲದ ಹಳೆಯ ಬದುಕನ್ನು ಕೊಟ್ಟರು, ಅವನ ದೇಹ ಯಾಕೆ ಹಾಗಿದೆ ಅನ್ನುವುದಕ್ಕೆ ಒಂದು ಘನತೆ ಕೊಟ್ಟರು. ಆದರೆ ಟಾಯ್ಲೆಟ್ ಅನ್ನು ತೆಗೆಯಲಿಲ್ಲ, ನೋಡಿ. ಅವನನ್ನು ಗೌರವಿಸಬೇಕಾದರೆ ಕತ್ತಿಯನ್ನೋ ರಥವನ್ನೋ ಕೊಡಬೇಕು ಅಂತ ಅವರಿಗೆ ಅನಿಸಲಿಲ್ಲ. ಅವನು ಗೆದ್ದಿದ್ದು ತನ್ನ ಹಳೆಯ ಪಟ್ಟಿನಲ್ಲೇ, ಹಲ್ಲುಚಕ್ರದವನನ್ನು ನೀರು ಬಿಟ್ಟು ಕಳಿಸಿ. ಮಕ್ಕಳಾಗಿದ್ದಾಗ ಇದೇ ಪಟ್ಟು ನೋಡಿ ಬಿದ್ದು ಬಿದ್ದು ನಕ್ಕಿದ್ದ ಓದುಗರು ನಡುವಯಸ್ಸಿನಲ್ಲಿ ಅದೇ ಪಟ್ಟಿಗೆ ಚಪ್ಪಾಳೆ ತಟ್ಟಿದರು.

ಹೊಸದಾಗಿ ಓದುವವರಿಗೆ ಒಂದು ಮಾತು. ಆರಂಭದ ಸಂಪುಟಗಳು ಹಳೇ ಕಾಲದವು, ಚಿತ್ರಗಳೂ ಒರಟು, ಹಾರಿಸಿ ಏಳು ದುಷ್ಟರ ಅಧ್ಯಾಯಕ್ಕೆ ನೇರವಾಗಿ ಹೋಗಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಬೇಡಿ. ಹಂದಿಮರಿ, ಬೆಳ್ಳುಳ್ಳಿ, ಗ್ಯೂದೋನ್, ಮೀಟ್‌ನ ಕಿರುಚಾಟ ಎಲ್ಲವನ್ನೂ ಮೊದಲು ಓದಿ. ಬೇಸರವಾದರೆ ಒಂದೆರಡು ಕಂತು ಬಿಟ್ಟರೂ ಪರವಾಗಿಲ್ಲ. ಅಷ್ಟು ಓದಿಕೊಂಡು ಹತ್ತು ದಿನದ ಗಡುವಿನ ಅಧ್ಯಾಯಕ್ಕೆ ಬಂದರೆ, ಮೀಟ್‌ನ ಒಂದೊಂದು ಭಾಗ ವಾಪಸ್ ಸಿಕ್ಕಾಗಲೂ ಎಣಿಸುತ್ತಾ ಕೂರುತ್ತೀರಿ.